ಕಲ್ಯಾಣದ ಓಲೆ, ಹುಮನಾಬಾದಿನ ಶಾಯಿ ಪೆನ್ನು

ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ ಕರ್ನಾಟಕದ ಉತ್ತರದ ಮೂಲೆಯನ್ನು ಹಾದುಹೋಗುತ್ತದೆ. ಆ ದಾರಿಯಲ್ಲಿರುವ ಊರು ಬೀದರ್ ಜಿಲ್ಲೆಯ ಹುಮನಾಬಾದ್. ಬೀದರಿನಿಂದ ಸುಮಾರು 50 ಕಿಲೋಮೀಟರ್. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾದ ಮೇಲೆ ಇಲ್ಲಿಗೆ ರೈಲಿನಲ್ಲೂ ಬರಬಹುದು. ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆ. ಊರಿಗೆ ಹತ್ತಿಕೊಂಡೇ ಮಾಣಿಕನಗರ. ಅಲ್ಲಿ ಮಾಣಿಕಪ್ರಭುಗಳ ಸಮಾಧಿ ಇದೆ. 1817ರಲ್ಲಿ ಹುಟ್ಟಿದ ಈ ಸಂತರು ಎಲ್ಲ ಮತಗಳೂ ಒಂದೇ ಎಂದು ಸಾರಿದವರು. ಮರಾಠಿ, ಕನ್ನಡ, ಹಿಂದಿ ಎಂದು ಹಲವು ಭಾಷೆಗಳಲ್ಲಿ ಪದ ಕಟ್ಟಿದವರು.

ಊರೂ ಹಾಗೆಯೇ. ಚಹಾದಂಗಡಿಯವನು ನಮ್ಮ ಮಾತನ್ನು ಕನ್ನಡದಲ್ಲಿ ಕೇಳಿಸಿಕೊಂಡು, ಒಳಗಿನ ಹುಡುಗನಿಗೆ ಉರ್ದುವಿನಲ್ಲಿ ಕೂಗಿ ಹೇಳಿ, ಪಕ್ಕದ ಗಿರಾಕಿಗೆ ಮರಾಠಿಯಲ್ಲಿ ಚಿಲ್ಲರೆ ಎಣಿಸಿಕೊಡುತ್ತಾನೆ. ಹಲವು ನುಡಿ, ಹಲವು ಲಿಪಿ. ಇಂಥ ಊರಿಗೆ ಹೋದರೆ ಬರೆಯುವ ಸಾಮಾನಿನ ಬಗ್ಗೆ ಯೋಚನೆ ಬಾರದೆ ಇರುವುದಿಲ್ಲ.

ಕಳೆದ ದಸರಾ ರಜೆಯಲ್ಲಿ ಆರನೇ ತರಗತಿ ಓದುವ ನನ್ನ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ನನ್ನ ಸೋದರಮಾವ ಅಲ್ಲಿದ್ದಾರೆ, ವಯಸ್ಸು 87. ಅವರನ್ನು ನೋಡುವುದು, ಬಸವಕಲ್ಯಾಣವನ್ನು ಹುಡುಗಿಗೆ ತೋರಿಸುವುದು, ಇವೆರಡೇ ನನ್ನ ಕಾರ್ಯಕ್ರಮ. ಆದರೆ ಮೊಮ್ಮಗಳ ಚೀಲದಲ್ಲಿ ಇನ್ನೊಂದು ಕೆಲಸವಿತ್ತು. ರಜೆ ಮುಗಿದ ಮೇಲೆ ಕಾಪಿ ಬರೆಯಲು ಶಾಯಿ ಪೆನ್ನು ತರಬಹುದು ಎಂದು ಅವರ ಟೀಚರ್ ಹೇಳಿದ್ದರಂತೆ. "ಅಜ್ಜಾ, ನನಗೆ ಒಂದು ಒಳ್ಳೆ ಪೆನ್ನು ಕೊಡಿಸು" ಎಂದು ಬಸ್ಸಿನಲ್ಲೇ ಶುರುಮಾಡಿದ್ದಳು.

ಅಂಗಡಿಯ ಮೇಲಿನ ಅಟ್ಟದಿಂದ

ಬಜಾರಿನ ಪುಸ್ತಕದಂಗಡಿಗೆ ಹೋಗಿ ಕೇಳಿದೆವು. ಅಂಗಡಿಯವರು ನಮ್ಮಿಬ್ಬರನ್ನೂ ನೋಡಿ ನಕ್ಕರು. "ಶಾಹಿ ಪೆನ್ ಏನ್ರಿ? ಈಗ ಯಾರ್ ಕೇಳ್ತಾರ್ರಿ ಅದಕ! ಇರ್ರಿ, ನೋಡ್ತೀನಿ" ಎಂದು ಏಣಿ ಹತ್ತಿ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದರು. ದೂಳು ಒರೆಸಿ ತೆಗೆದರೆ ಒಳಗೆ ಹತ್ತು ಹನ್ನೆರಡು ಪೆನ್ನುಗಳು, ಎರಡು ಶಾಯಿ ಸೀಸೆ.

ಈ ಭಾಗದ ಅಜ್ಜಂದಿರಿಗೆ ಪೆನ್ನು ಎಂದರೆ ಹೈದರಾಬಾದ್ ನೆನಪಾಗುತ್ತದೆ. 1956ರ ನವೆಂಬರ್ 1ರವರೆಗೆ ಬೀದರ್ ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ಕೋರ್ಟಿಗೆ, ಕಾಲೇಜಿಗೆ, ಮದುವೆ ಜವಳಿಗೆ ಅಲ್ಲಿಗೇ ಹೋಗುವುದು. ಹೋದವರು ಆಬಿಡ್ಸ್‌ನಲ್ಲಿ 1928ರಿಂದ ಇರುವ ಡೆಕ್ಕನ್ ಪೆನ್ ಸ್ಟೋರ್ಸ್‌ನಲ್ಲಿ ಒಂದು ಪೆನ್ನು ಕೊಂಡು ಜೇಬಿಗೆ ಸಿಕ್ಕಿಸಿಕೊಂಡು ಬರುವುದು ಒಂದು ಗತ್ತು. ಇನ್ನೂ ಮುಂದೆ ಗೋದಾವರಿ ದಡದ ರಾಜಮಹೇಂದ್ರಿಯಲ್ಲಿ 1930ರ ದಶಕದಲ್ಲೇ ಸ್ವದೇಶಿ ರತ್ನಂ ಪೆನ್ನು ತಯಾರಾಗುತ್ತಿತ್ತು. ಗಾಂಧೀಜಿಯವರೇ ಅದನ್ನು ಮೆಚ್ಚಿ ಕಾಗದ ಬರೆದಿದ್ದರು. ಆ ಪೆನ್ನುಗಳ ಮೈ ಎಬೊನೈಟಿನದು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಮರದಂತೆ ಗಟ್ಟಿಯಾಗುತ್ತದೆ, ಅದೇ ಎಬೊನೈಟ್. ಅದನ್ನು ಕಡೆದು ಪೆನ್ನು ಮಾಡುತ್ತಿದ್ದರು. ಈಗಲೂ ಮಾಡುವವರಿದ್ದಾರೆ.

ನಮ್ಮ ಪೆಟ್ಟಿಗೆಯಲ್ಲಿ ಅಂಥದ್ದೇನೂ ಇರಲಿಲ್ಲ. ಶಾಲೆಯ ಮಕ್ಕಳ ಪ್ಲಾಸ್ಟಿಕ್ ಪೆನ್ನುಗಳು. ಮೊಮ್ಮಗಳು ಬಂಗಾರದ ಬಣ್ಣದ ದಪ್ಪ ಪೆನ್ನಿಗೆ ಕೈ ಹಾಕಿದಳು. ಹಿಡಿದು ನೋಡು ಎಂದೆ. ಭಾರ ಹಿಂದಕ್ಕೆ ಎಳೆಯುತ್ತಿತ್ತು. ಹಗುರಾದ ನೀಲಿ ಪೆನ್ನು ಅವಳ ಬೆರಳಿಗೆ ಸರಿಯಾಗಿ ಕೂತಿತು. ಬೆಲೆ ನೂರು ರೂಪಾಯಿಗಿಂತ ಕಡಿಮೆ. ಮೊದಲ ಪೆನ್ನಿಗೆ ಅಷ್ಟು ಸಾಕು, ಮಕ್ಕಳೇ. ಅದು ಒಂದೆರಡು ಸಲ ಕೆಳಗೆ ಬೀಳುವುದೇ!

ನಿಬ್ಬು ಆರಿಸುವಾಗ ಮಾತ್ರ ನಾವು ಸ್ವಲ್ಪ ಹೊತ್ತು ತೆಗೆದುಕೊಂಡೆವು. ನಿಬ್ಬಿನಲ್ಲಿ ಸಣ್ಣ, ಮಧ್ಯಮ, ದಪ್ಪ ಎಂದು ಬಗೆಗಳಿವೆ. ಇಂಗ್ಲಿಷಿಗೆ ಮಧ್ಯಮ ನಿಬ್ಬು ನಡೆಯುತ್ತದೆ. ಕನ್ನಡಕ್ಕೆ ಸಣ್ಣ ನಿಬ್ಬೇ ಲೇಸು. ಏಕೆಂದರೆ ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು. ‘ರಾಷ್ಟ್ರ’ ಎಂದು ಬರೆದರೆ ಒಂದೇ ಅಕ್ಷರದ ಕೆಳಗೆ ಎರಡು ಒತ್ತು ಕೂರಬೇಕು. ದಪ್ಪ ನಿಬ್ಬಿನಲ್ಲಿ ಅವು ಒಂದರ ಮೇಲೊಂದು ಬಿದ್ದು ಮುದ್ದೆಯಾಗುತ್ತವೆ.

ಪೆನ್ನಿನೊಳಗೆ ನಡೆಯುವುದೇನು?

ಶಾಯಿ ತುಂಬಿದ ಪೆನ್ನನ್ನು ತಲೆಕೆಳಗೆ ಹಿಡಿದರೂ ಶಾಯಿ ಏಕೆ ಸುರಿಯುವುದಿಲ್ಲ ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ.

ಹಳೆಯ ಎಣ್ಣೆ ಡಬ್ಬಿಗೆ ಅಜ್ಜಿ ತೂತು ಮಾಡುವುದನ್ನು ನೋಡಿದ್ದೀರಾ? ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಬರುವುದಿಲ್ಲ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಬೇಕು. ಅಲ್ಲಿಂದ ಗಾಳಿ ಒಳಗೆ ಹೋದಷ್ಟೇ ಎಣ್ಣೆ ಹೊರಗೆ ಬರುತ್ತದೆ. ಪೆನ್ನೂ ಹಾಗೆಯೇ. ನಿಬ್ಬಿನ ಕೆಳಗೆ ಕಪ್ಪು ನಾಲಿಗೆಯಂಥ ಒಂದು ತುಂಡು ಇದೆಯಲ್ಲ, ಅದರಲ್ಲಿ ಕೂದಲಿನಷ್ಟು ಸಣ್ಣ ಕಾಲುವೆ ಇದೆ. ಆ ದಾರಿಯಲ್ಲಿ ಶಾಯಿ ಇಳಿಯುತ್ತದೆ, ಗಾಳಿ ಏರುತ್ತದೆ. ನಾಲಿಗೆಯ ಪಕ್ಕದಲ್ಲಿರುವ ಗೀರುಗಳು ಹೆಚ್ಚಾದ ಶಾಯಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೊನೆಗೆ ನಿಬ್ಬಿನ ಸೀಳು ಶಾಯಿಯನ್ನು ತುದಿಗೆ ಎಳೆದು ತರುತ್ತದೆ. ತುದಿ ಕಾಗದಕ್ಕೆ ತಾಗಿದ ಕೂಡಲೇ ಕಾಗದ ಅದನ್ನು ಕುಡಿಯುತ್ತದೆ. ಮಳೆಯಲ್ಲಿ ಅಜ್ಜನ ಧೋತರದ ಅಂಚು ನೀರಿಗೆ ತಾಗಿದರೆ ನೀರು ತಾನೇ ಮೇಲೇರುತ್ತದಲ್ಲ, ಅದೇ ಗುಣ. ಇಂಥ ಶಾಯಿ ದಾರಿಯಿದ್ದ ಪೆನ್ನಿಗೆ ಅಮೆರಿಕದ ಲೂಯಿಸ್ ವಾಟರ್‌ಮನ್ ಎಂಬುವರು 1884ರಲ್ಲಿ ಪೇಟೆಂಟ್ ಪಡೆದರು.

ಇದರಿಂದ ಒಂದು ಮಾತು ತಿಳಿಯುತ್ತದೆ. ಶಾಯಿಯನ್ನು ಇಳಿಸುವುದು ಕೈಯ ಬಲವಲ್ಲ. ಬಾಲ್ ಪೆನ್ನಿನ ಗುಂಡನ್ನು ಉರುಳಿಸಲು ಸ್ವಲ್ಪ ಒತ್ತಬೇಕು. ಶಾಯಿ ಪೆನ್ನಿಗೆ ತಾಗಿಸಿದರೆ ಸಾಕು. ಒತ್ತಿದರೆ ಸೀಳು ಅಗಲವಾಗಿ ನಿಬ್ಬು ಕೆಡುತ್ತದೆ. ಮೊದಲ ದಿನ ಮೊಮ್ಮಗಳು ಒತ್ತಿಯೇ ಬರೆದಳು. "ಕಾಗದದ ಮೇಲೆ ಇರುವೆ ನಡೆದ ಹಾಗೆ" ಎಂದು ಹೇಳಿದ ಮೇಲೆ ಕೈ ಹಗುರಾಯಿತು. ಅರ್ಧ ಗಂಟೆ ಬರೆದರೂ ಬೆರಳು ನೋಯಲಿಲ್ಲ.

‘ದ’ ಮತ್ತು ‘ಧ’ ಒಂದೇ ಆದಾಗ

ಪೆನ್ನು ಸಿಕ್ಕಿತು. ಶಾಯಿ ತುಂಬಿದೆವು. ಅವಳ ಹಳೆಯ ನೋಟುಪುಸ್ತಕದಲ್ಲಿ ಮೊದಲ ಸಾಲು ಬರೆದಳು. ಅಕ್ಷರಗಳಿಗೆಲ್ಲ ಮೀಸೆ ಬಂತು! ಗೆರೆಯ ಅಂಚಿನಿಂದ ಸಣ್ಣ ಸಣ್ಣ ಎಳೆಗಳು ಹರಡಿದವು. ಪುಟ ತಿರುವಿದರೆ ಹಿಂದೆ ನೀಲಿ ಚುಕ್ಕೆಗಳ ಸಾಲು. "ಪೆನ್ನು ಸರಿಯಿಲ್ಲ" ಎಂದು ಮುಖ ಸಣ್ಣದು ಮಾಡಿದಳು.

ಅಂಗಡಿಯವರು ಮಾತಾಡದೆ ತಮ್ಮ ಲೆಕ್ಕದ ಪುಸ್ತಕದ ಒಂದು ಹಾಳೆ ಮುಂದಿಟ್ಟರು. ಅದೇ ಪೆನ್ನು, ಅದೇ ಶಾಯಿ, ಅದೇ ಕೈ. ಅಕ್ಷರ ಕಡೆದಿಟ್ಟ ಹಾಗೆ ಮೂಡಿತು.

ಕಾಗದ ಎಂದರೆ ನಾರುಗಳ ಚಾಪೆ. ಬರೀ ನಾರು ಇದ್ದರೆ ಅದು ಒತ್ತುಕಾಗದದಂತೆ ಎಲ್ಲವನ್ನೂ ಹೀರುತ್ತದೆ. ಅದಕ್ಕೇ ತಯಾರಿಸುವಾಗ ಗಂಜಿ, ರಾಳ ಮುಂತಾದವುಗಳ ಲೇಪ ಕೊಡುತ್ತಾರೆ. ಲೇಪ ಸರಿಯಾಗಿದ್ದರೆ ಶಾಯಿ ಮೇಲೆಯೇ ನಿಂತು ಒಣಗುತ್ತದೆ. ಲೇಪ ಕಡಿಮೆಯಾದರೆ ನಾರಿನ ಗುಂಟ ಓಡುತ್ತದೆ.

ಇದು ಬರೀ ಚೆಂದದ ಮಾತಲ್ಲ. ಕನ್ನಡದಲ್ಲಿ ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ‘ಪ’ ಮತ್ತು ‘ಫ’, ‘ಬ’ ಮತ್ತು ‘ಭ’ ಕೂಡ ಹಾಗೆಯೇ. ‘ಥ’ದ ಹೊಟ್ಟೆಯಲ್ಲಿ ಒಂದು ಚುಕ್ಕೆ. ಶಾಯಿ ಹರಡಿದರೆ ಸೀಳು ಮುಚ್ಚಿಹೋಗುತ್ತದೆ, ಚುಕ್ಕೆ ಕರಗುತ್ತದೆ. ‘ಧನ’ ಹೋಗಿ ‘ದನ’ವಾಗುತ್ತದೆ! ಪರೀಕ್ಷೆಯಲ್ಲಿ ಅಂಕ ಹೋಗುವುದು ಮಗುವಿನದು, ತಪ್ಪು ಕಾಗದದ್ದು.

ಹಾಗಾದರೆ ಒಳ್ಳೆಯ ಕಾಗದ ಯಾವುದೆಂದು ತಿಳಿಯುವುದು ಹೇಗೆ? ನೋಟುಪುಸ್ತಕದ ರಟ್ಟಿನ ಮೇಲೆ ಕೆಲವೊಮ್ಮೆ ಜಿಎಸ್‌ಎಂ ಎಂಬ ಸಂಖ್ಯೆ ಇರುತ್ತದೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದು ಅದರ ಅರ್ಥ. 70ರಿಂದ 80 ಇದ್ದರೆ ಸಾಮಾನ್ಯವಾಗಿ ಶಾಯಿ ಹಿಂದಕ್ಕೆ ಇಳಿಯುವುದಿಲ್ಲ. ಆದರೆ ಅದು ತೂಕದ ಲೆಕ್ಕ ಮಾತ್ರ; ಲೇಪದ ಸುದ್ದಿ ಹೇಳುವುದಿಲ್ಲ. ಆದ್ದರಿಂದ ಬರೆದೇ ನೋಡಬೇಕು. ಅಂಗಡಿಯವರನ್ನು ಕೇಳಿ, ಕೊನೆಯ ಪುಟದ ಮೂಲೆಯಲ್ಲಿ ಮೂರು ಪದ ಬರೆಯಿರಿ: ಧನ, ರಾಷ್ಟ್ರ, ಲಕ್ಷ್ಮೀ. ಸೀಳು ಕಾಣುತ್ತಿದೆಯೇ? ಒತ್ತುಗಳು ಬಿಡಿಬಿಡಿಯಾಗಿವೆಯೇ? ಹಿಂದಿನ ಪುಟ ಬೆಳ್ಳಗಿದೆಯೇ? ಮೂರಕ್ಕೂ ಹೌದು ಎಂದಾದರೆ ಆ ಪುಸ್ತಕ ನಿಮ್ಮದು. ನಾವು ನಾಲ್ಕು ಪುಸ್ತಕ ನೋಡಿ ಐದನೆಯದನ್ನು ಕೊಂಡೆವು. ಅದು ಎಲ್ಲಕ್ಕಿಂತ ದುಬಾರಿಯದೇನೂ ಆಗಿರಲಿಲ್ಲ.

ಓಲೆ ಬರೆದ ಊರು

ಮರುದಿನ ಬೆಳಿಗ್ಗೆ ಬಸವಕಲ್ಯಾಣಕ್ಕೆ ಹೊರಟೆವು. ಹುಮನಾಬಾದಿನಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್. ರಾಜೇಶ್ವರ ದಾಟಿ, ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು. ಎರಡೂ ಕಡೆ ತೊಗರಿ ಹಸಿರಾಗಿ ನಿಂತಿತ್ತು.

ಹಿಂದೆ ಇದು ಕಲ್ಯಾಣ, ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರವರೆಗೆ, ಇದು ಬರಹಗಾರರ ಊರು. ಕಾಶ್ಮೀರದಿಂದ ಬಂದ ಬಿಲ್ಹಣ ರಾಜನ ಚರಿತ್ರೆಯನ್ನು ಕಾವ್ಯವಾಗಿ ಬರೆದ. ವಿಜ್ಞಾನೇಶ್ವರ ‘ಮಿತಾಕ್ಷರ’ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ವಿಷಯದಲ್ಲಿ ನಮ್ಮ ದೇಶದ ಕೋರ್ಟುಗಳು ಎಂಟು ನೂರು ವರ್ಷಗಳ ನಂತರವೂ ಆ ಪುಸ್ತಕವನ್ನು ತೆರೆದು ನೋಡಿದವು. ಮುಂದೆ ಅದೇ 12ನೇ ಶತಮಾನದಲ್ಲಿ ಬಸವಣ್ಣನವರು ಬಂದರು. ಅನುಭವ ಮಂಟಪದಲ್ಲಿ ಅಂಬಿಗರು, ಮಡಿವಾಳರು, ಹಗ್ಗ ಹೊಸೆಯುವವರು, ಹೆಂಗಸರು ಎಲ್ಲರೂ ವಚನ ಹೇಳಿದರು.

ಕೋಟೆ ನೋಡಿ, ತ್ರಿಪುರಾಂತಕ ಕೆರೆಯ ದಡದಲ್ಲಿ ನಡೆದು, ಅಕ್ಕನಾಗಮ್ಮನ ಗವಿಗೆ, ನುಲಿಯ ಚಂದಯ್ಯನ ಗವಿಗೆ ಹೋದೆವು. ಗವಿಯೊಳಗೆ ತಂಪು. ಮೊಮ್ಮಗಳು ಕಲ್ಲಿನ ಮೇಲೆ ಕೂತು ಕೇಳಿದಳು: "ಅವರ ಹತ್ತಿರ ಯಾವ ಪೆನ್ನು ಇತ್ತು?"

ಅವರ ಹತ್ತಿರ ಇದ್ದದ್ದು ಕಂಠ. ಕಬ್ಬಿಣದ ಚೂಪು ಕಡ್ಡಿ. ಕಾಗದದ ಬದಲು ತಾಳೆಗರಿ. ಗರಿಯನ್ನು ಬೇಯಿಸಿ, ಒಣಗಿಸಿ, ಉಜ್ಜಿ ನಯಮಾಡಿ, ಒಂದೇ ಅಳತೆಗೆ ಕತ್ತರಿಸಬೇಕು. ಎಡಗೈಯಲ್ಲಿ ಗರಿ ಹಿಡಿದು ಕಂಠದಿಂದ ಅಕ್ಷರ ಕೊರೆಯಬೇಕು. ಕೊರೆದಾಗ ಅಕ್ಷರ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಆಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಗರಿಗೆ ಬಳಿದು ಒರೆಸಿದರೆ, ಗೀರಿನೊಳಗೆ ಮಾತ್ರ ಕಪ್ಪು ಉಳಿದು ಅಕ್ಷರ ಎದ್ದು ಕಾಣುತ್ತದೆ. ನೆಟ್ಟಗೆ ಗೀರಿದರೆ ಗರಿ ಸೀಳುತ್ತದೆ. ಅದಕ್ಕೇ ಕನ್ನಡ ಅಕ್ಷರ ದುಂಡಗಾಯಿತು ಎಂದು ಹೇಳುವುದುಂಟು. ಮೊಮ್ಮಗಳು ಗಾಳಿಯಲ್ಲಿ ‘ಕ’ ಬರೆದು ನೋಡಿ, "ಹೌದಲ್ಲ, ಎಲ್ಲಾ ಸುತ್ತುವುದೇ!" ಎಂದಳು.

‘ಓಲೆ’ ಎಂಬ ಮಾತನ್ನೇ ನೋಡಿ. ಅದು ತಾಳೆಗರಿ. ಅದರ ಮೇಲೆ ಬರೆದ ಪತ್ರವೂ ಓಲೆ. ಪತ್ರ ತಂದವನು ಓಲೆಕಾರ. ಕಿವಿಯ ಆಭರಣವೂ ಓಲೆಯೇ. ಮುಂದೆ ಕಾಗದ ಬಂದಾಗ ಹೊಸ ಮಾತುಗಳು ಅದರ ಜೊತೆ ಬಂದವು. ಕಾಗದ, ಕಲಮು, ದೌತಿ, ಶಾಯಿ ಇವೆಲ್ಲ ಪಾರಸಿ, ಅರಬಿ ಕಡೆಯಿಂದ ಬಂದು ನಮ್ಮವಾದವು. ಶಾಯಿ ಎಂದರೆ ಮೂಲದಲ್ಲಿ ‘ಕಪ್ಪು’ ಎಂದೇ ಅರ್ಥ. ನೀಲಿ ಶಾಯಿ ಎಂದರೆ ‘ನೀಲಿ ಕಪ್ಪು’!

ತಾಳೆಗರಿಗೂ ಆಯುಷ್ಯವಿದೆ. ಹುಳು ತಿನ್ನುತ್ತದೆ, ಅಂಚು ಮುರಿಯುತ್ತದೆ. ಕಲ್ಯಾಣದಲ್ಲಿ ಗಲಭೆಯಾಗಿ ಶರಣರು ಚದುರಿದಾಗ ಅವರು ವಚನದ ಕಟ್ಟುಗಳನ್ನು ಹೊತ್ತುಕೊಂಡು ಉಳವಿಯ ಕಾಡಿನ ಕಡೆ ಹೋದರು ಎಂದು ಪರಂಪರೆ ಹೇಳುತ್ತದೆ. ಆಮೇಲೆ ಯಾರು ಯಾರೋ ಹೆಸರು ತಿಳಿಯದವರು ಹಳೆಯ ಗರಿಯಿಂದ ಹೊಸ ಗರಿಗೆ ನಕಲು ಮಾಡುತ್ತ ಬಂದರು. ಏಳು ನೂರು ವರ್ಷಗಳ ಮೇಲೆ ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆಯ ಜಂತಿಯಿಂದ ಆ ಕಟ್ಟುಗಳನ್ನು ಇಳಿಸಿ, ಓದಿ, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಪ್ರಕಟಿಸಿದರು. ಮುದ್ರಣಾಲಯ ಹಾಕಲು ಸ್ವಂತ ಮನೆಯನ್ನೇ ಮಾರಿದರು. ನಡುವಿನ ಆ ಏಳು ನೂರು ವರ್ಷಗಳಲ್ಲಿ ನಕಲು ಮಾಡುವವರು ಒಂದೇ ಒಂದು ತಲೆಮಾರು ಕೈಬಿಟ್ಟಿದ್ದರೆ, ಇಂದು ನಿಮ್ಮ ಕನ್ನಡ ಪಠ್ಯದಲ್ಲಿ ಎಷ್ಟೋ ವಚನ ಇರುತ್ತಿರಲಿಲ್ಲ.

ಮಾವನ ಪೆಟ್ಟಿಗೆ

ಸಂಜೆ ಹುಮನಾಬಾದಿಗೆ ಮರಳಿದಾಗ ಮಾವ ಕಟ್ಟೆಯ ಮೇಲೆ ಕೂತಿದ್ದರು. ಮೊಮ್ಮಗಳು ಗವಿಯ ಕತೆಯನ್ನೂ ಪೆನ್ನಿನ ಕತೆಯನ್ನೂ ಒಟ್ಟಿಗೇ ಹೇಳಿದಳು. ಅವರು ಎದ್ದು ಒಳಗೆ ಹೋಗಿ ಕೆಂಪು ಬಟ್ಟೆ ಸುತ್ತಿದ ಒಂದು ಉದ್ದನೆಯ ಪುಸ್ತಕ ತಂದರು. ಅವರ ತಂದೆಯ ಅಂಗಡಿಯ ಲೆಕ್ಕದ ವಹಿ.

ಪುಟ ತೆರೆದರೆ ನಮಗಿಬ್ಬರಿಗೂ ಒಂದಕ್ಷರವೂ ತಿಳಿಯಲಿಲ್ಲ. ಲೆಕ್ಕವೆಲ್ಲ ಮೋಡಿ ಲಿಪಿಯಲ್ಲಿ. ಕೈ ಎತ್ತದೆ ಹರಿಯುವ ಹಾಗೆ ಬರೆಯುವ ಆ ಲಿಪಿಯನ್ನು ಹಿಂದೆ ಈ ಕಡೆಯ ಕುಲಕರ್ಣಿಗಳು, ವ್ಯಾಪಾರಿಗಳು ಬಳಸುತ್ತಿದ್ದರು. ಸರಕಾರದ ರಸೀತಿಗಳು ಉರ್ದುವಿನಲ್ಲಿ. ಮಾವ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಮೋಡಿಯನ್ನು ತಂದೆಯಿಂದ ಕಲಿತರು. ಮನೆಯಲ್ಲಿ ಈಗ ಎರಡನ್ನೂ ಓದಬಲ್ಲವರು ಅವರೊಬ್ಬರೇ.

"ಶಾಹಿ ನೋಡು, ಹೆಂಗದ" ಎಂದರು. ಎಂಬತ್ತು ವರ್ಷ ದಾಟಿದರೂ ಅಕ್ಷರ ಕಪ್ಪಗೆ ಹೊಳೆಯುತ್ತಿತ್ತು. ದೀಪದ ಕಾಡಿಗೆಯ ಮಸಿ. ಬೆಳಕಿಗೆ ಬಣ್ಣ ಕಳೆದುಕೊಳ್ಳುವುದಿಲ್ಲ. ಕಾಗದ ಬಟ್ಟೆಯ ಚಿಂದಿಯಿಂದ ಕೈಯಲ್ಲಿ ಮಾಡಿದ್ದು. ಗಂಜಿ ಬಳಿದು, ಒಣಗಿಸಿ, ನುಣುಪು ಕಲ್ಲಿನಿಂದ ತಿಕ್ಕಿ ಹೊಳಪು ಕೊಟ್ಟದ್ದು. ಅದೇ ಹೈದರಾಬಾದ್ ರಾಜ್ಯದಲ್ಲಿದ್ದ ದೌಲತಾಬಾದಿನ ಹತ್ತಿರ ಕಾಗಜೀಪುರ ಎಂಬ ಹಳ್ಳಿಯೇ ಇದೆ. ಕಾಗದ ಮಾಡುವುದೇ ಅದರ ಕಸುಬಾಗಿತ್ತು, ಅದೇ ಅದರ ಹೆಸರು. ವಹಿಯ ಪಕ್ಕದಲ್ಲೇ ಮಾವ 1970ರ ಸುಮಾರಿನ ತಮ್ಮದೊಂದು ನೋಟುಪುಸ್ತಕ ಇಟ್ಟರು. ಅದು ಹಳದಿಯಾಗಿ, ಮಡಿಸಿದಲ್ಲಿ ಹಪ್ಪಳದಂತೆ ಮುರಿಯುತ್ತಿತ್ತು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲ ಉಳಿದಿರುತ್ತದೆ. ಅದು ಒಳಗಿನಿಂದಲೇ ನಾರನ್ನು ತಿನ್ನುತ್ತದೆ. ಅಜ್ಜನ ವಹಿ ಗಟ್ಟಿ, ಮಗನ ಪುಸ್ತಕ ಪುಡಿ!

ಮೊಮ್ಮಗಳು ಓದಿ ಹೇಳಿ ಎಂದಳು. ಮಾವ ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಓದತೊಡಗಿದರು. "ಫಸಲಿ 1355." ಅದು ನಿಜಾಮ ಸರಕಾರದ ವರ್ಷ. "ಇದಕ 590 ಕೂಡ್ಸು" ಎಂದರು. ಅವಳು ಕೂಡಿಸಿ "1945!" ಎಂದಳು. ಜೋಳ ಇಷ್ಟು ಪಾಯಲಿ, ಬೆಲ್ಲ ಇಷ್ಟು ಸೇರು, ಗಾಡಿಬಾಡಿಗೆ ಇಷ್ಟು. ಓದುತ್ತ ಓದುತ್ತ ಒಂದು ಸಾಲಿನಲ್ಲಿ ನಿಂತರು. ಮತ್ತೊಮ್ಮೆ ಓದಿದರು.

"ಸಾಲಿಗಿ ದೌತಿ, ಕಲಮು. ಆರಾಣೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ನಂದೇ ದೌತಿ" ಎಂದರು. ಎಂಟು ವರ್ಷದ ಹುಡುಗನಿಗೆ ಅಪ್ಪ ಕೊಡಿಸಿದ ಮೊದಲ ಶಾಯಿಬುಡ್ಡಿ ಲೆಕ್ಕದಲ್ಲಿ ಹಾಗೇ ಕೂತಿತ್ತು. ಇಷ್ಟು ವರ್ಷ ಪೆಟ್ಟಿಗೆಯಲ್ಲಿದ್ದರೂ ಆ ಪುಟವನ್ನು ಯಾರೂ ತೆರೆದಿರಲಿಲ್ಲ.

ಮಾವನಿಗೆ ಒಂದು ಕಣ್ಣು ಈಗ ಸರಿಯಾಗಿ ಕಾಣುವುದಿಲ್ಲ. ಮೊಮ್ಮಗಳು ಹೊಸ ಪುಸ್ತಕ ತೆಗೆದಳು. ಅವರು ಒಂದೊಂದು ಸಾಲು ಓದಿದರು, ಅವಳು ಹೊಸ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದುಕೊಂಡಳು. ದೀಪ ಹಚ್ಚುವ ಹೊತ್ತಿಗೆ ಒಂದು ಪುಟ ಮುಗಿಯಿತು. ವಹಿಯಲ್ಲಿ ಇನ್ನೂ ನಲವತ್ತಕ್ಕೂ ಹೆಚ್ಚು ಪುಟಗಳಿದ್ದವು. ಈಗ ಪ್ರತಿ ಭಾನುವಾರ ವಿಡಿಯೊ ಕರೆಯಲ್ಲಿ ಒಂದೊಂದು ಪುಟ ನಡೆಯುತ್ತಿದೆ. ಮಾವ ಸುಸ್ತಾದ ದಿನ ಅರ್ಧ ಪುಟ.

ಖಾಲಿ ಕಾಗದದ ಕತೆ

ಹಿಂತಿರುಗುವಾಗ ಬೀದರಿನಲ್ಲಿ ಇಳಿದು ಮಹಮೂದ್ ಗವಾನನ ಮದರಸಾ ನೋಡಿದೆವು. ಪಾರಸಿ ನಾಡಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗವಾನ್ ಕಟ್ಟಿಸಿದ ವಿದ್ಯಾಲಯ ಅದು, 1472ರಲ್ಲಿ ಮುಗಿಯಿತು. ಅಲ್ಲಿ ಮೂರು ಸಾವಿರ ಕೈಬರಹದ ಪುಸ್ತಕಗಳಿದ್ದವು ಎಂದು ಇತಿಹಾಸಕಾರರು ಬರೆದಿದ್ದಾರೆ. ಗೋಡೆಯ ಮೇಲೆ ನೀಲಿ ಹೆಂಚಿನಲ್ಲಿ ಬಳುಕುವ ಅಕ್ಷರಗಳು ಇನ್ನೂ ಅಲ್ಲಲ್ಲಿ ಉಳಿದಿವೆ. 17ನೇ ಶತಮಾನದ ಕೊನೆಯಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾರಿಹೋಯಿತು. ಈಗ ನಿಂತಿರುವುದು ಒಂದೇ ಮಿನಾರು.

ಗವಾನ್ ಪತ್ರ ಬರೆಯುವುದರಲ್ಲಿ ಜಾಣ. ಪತ್ರ ಬರೆಯುವ ಕಲೆಯ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದ. ಅಂಥವನ ಪ್ರಾಣ ಹೋದದ್ದೂ ಒಂದು ಪತ್ರದಿಂದಲೇ. ಅವನಿಗೆ ಆಗದವರು ಅವನ ಮುದ್ರೆ ಕಾಯುವವನಿಗೆ ಕುಡಿಸಿ, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಒಡಿಶಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆದ ಹಾಗೆ ಅದರಲ್ಲಿ ಬರೆದು ಸುಲ್ತಾನನ ಕೈಗೆ ಕೊಟ್ಟರು. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದು ಗವಾನ್ ಹೇಳಿದ. ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲಿನಲ್ಲಿ ಆ ಮುದಿ ಮಂತ್ರಿಯ ತಲೆ ಕಡಿಸಿದ. ಸತ್ಯ ತಿಳಿದ ಮೇಲೆ ಪರಿತಪಿಸಿದ ಸುಲ್ತಾನ ವರ್ಷದೊಳಗೇ ತಾನೂ ತೀರಿಕೊಂಡ.

"ಖಾಲಿ ಕಾಗದಕ್ಕೆ ಎಂದೂ ಸಹಿ ಹಾಕಬಾರದು" ಎಂದು ಮನೆಯ ಹಿರಿಯರು ಹೇಳುತ್ತಾರಲ್ಲ, ಆ ಮಾತಿಗೆ ಬೀದರಿಗಿಂತ ದೊಡ್ಡ ಸಾಕ್ಷಿ ಬೇಡ.

ನೀವೂ ಶುರುಮಾಡಿ

ಮಕ್ಕಳೇ, ಶಾಯಿ ಪೆನ್ನು ಹಿಡಿಯುವ ಮೊದಲು ಈ ಕೆಲವು ಮಾತು ನೆನಪಿಡಿ.

ಹಗುರಾದ ಪೆನ್ನು, ಸಣ್ಣ ನಿಬ್ಬು ಆರಿಸಿ. ಹೊಸ ಪೆನ್ನನ್ನು ಮೊದಲು ತಣ್ಣೀರಿನಲ್ಲಿ ತೊಳೆಯಿರಿ, ಬಿಸಿನೀರು ಬೇಡ.

ಶಾಯಿ ಪೆನ್ನಿನದೇ ಶಾಯಿ ಹಾಕಿ. ಚಿತ್ರ ಬರೆಯುವ ಇಂಡಿಯನ್ ಇಂಕ್ ಹಾಕಿದರೆ ಅದರಲ್ಲಿನ ಅರಗು ಒಣಗಿ ಪೆನ್ನಿನ ಗಂಟಲು ಕಟ್ಟುತ್ತದೆ. ದಿನದ ಬರಹಕ್ಕೆ ತೊಳೆದರೆ ಹೋಗುವ ನೀಲಿ ಶಾಯಿ ಸಾಕು. ಅಂಗಿಗೂ ಒಳ್ಳೆಯದು, ಅಮ್ಮನಿಗೂ ಒಳ್ಳೆಯದು. ಬಹುಕಾಲ ಇಡಬೇಕಾದ್ದನ್ನು ಪರ್ಮನೆಂಟ್ ಶಾಯಿಯಲ್ಲಿ ಬರೆದು, ಬಿಸಿಲು ನೀರು ತಾಗದಂತೆ ಇಡಿ.

ಪಿಚಕಾರಿಯಿಂದ ನೇರ ಹೊಟ್ಟೆಗೆ ಶಾಯಿ ತುಂಬುವ ಪೆನ್ನಾದರೆ, ಶಾಯಿ ತಳ ಮುಟ್ಟುವವರೆಗೆ ಕಾಯಬೇಡಿ. ಒಳಗಿನ ಗಾಳಿ ಕೈಯ ಬಿಸಿಗೆ ಉಬ್ಬಿ, ಇದ್ದ ಶಾಯಿಯನ್ನು ಪುಸ್ತಕದ ಮೇಲೆ ತಳ್ಳುತ್ತದೆ. ಚೀಲದಲ್ಲಿ ನಿಬ್ಬು ಮೇಲೆ ಇರುವಂತೆ ನಿಲ್ಲಿಸಿ. ಬರೆದಾದ ಕೂಡಲೇ ಮುಚ್ಚಳ ಹಾಕಿ. ನಮ್ಮ ಕಡೆಯ ಬೇಸಿಗೆಯಲ್ಲಿ ಶಾಯಿ ಬೇಗ ಒಣಗುತ್ತದೆ. ತಿಂಗಳಿಗೊಮ್ಮೆ ಪೆನ್ನಿಗೆ ಸ್ನಾನ. ಹನಿ ಬಿದ್ದರೆ ಉಜ್ಜಬೇಡಿ, ಚಾಕ್‌ಪೀಸಿನ ತುಂಡು ತಾಗಿಸಿ, ಅದು ಕುಡಿದುಬಿಡುತ್ತದೆ.

ಎಡಗೈಯವರು ಪುಸ್ತಕವನ್ನು ಸ್ವಲ್ಪ ಓರೆ ಇಟ್ಟು, ಕೈ ಸಾಲಿನ ಕೆಳಗೆ ಬರುವಂತೆ ಹಿಡಿದರೆ ಹಸಿ ಅಕ್ಷರ ಅಳಿಸುವುದಿಲ್ಲ. ಪರೀಕ್ಷೆಯ ಉತ್ತರಪತ್ರಿಕೆ ಶಾಯಿ ಹೀರುವಂಥದಾದರೆ ಹಟ ಮಾಡದೆ ಬಾಲ್ ಪೆನ್ನಿನಲ್ಲೇ ಬರೆಯಿರಿ. ಕಾಗದಕ್ಕೆ ತಕ್ಕ ಪೆನ್ನು ಹಿಡಿಯುವವರೇ ಜಾಣರು.

ಇನ್ನು ಅಜ್ಜ-ಅಜ್ಜಿಯರಿಗೆ ಒಂದು ಮಾತು. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಒಂದು ವಹಿ, ಒಂದು ಹಳೆಯ ಕಾಗದ, ಮದುವೆಯ ಖರ್ಚಿನ ಪಟ್ಟಿ, ಅಡುಗೆಯ ಅಳತೆ ಇದ್ದೀತು. ಅದು ಉರ್ದುವಿನಲ್ಲಿರಬಹುದು, ಮೋಡಿಯಲ್ಲಿರಬಹುದು, ಅಥವಾ ನಿಮಗೆ ಮಾತ್ರ ತಿಳಿಯುವ ನಿಮ್ಮದೇ ಗೀಚಿನಲ್ಲಿರಬಹುದು. ಈ ರಜೆಯಲ್ಲಿ ಅದನ್ನು ಹೊರಗೆ ತೆಗೆಯಿರಿ. ಮೊಮ್ಮಕ್ಕಳ ಕೈಗೆ ಒಂದು ಪೆನ್ನು, ಶಾಯಿ ಹರಡದ ಒಂದು ಪುಸ್ತಕ ಕೊಡಿಸಿ. ನೀವು ಓದಿ, ಅವರು ಬರೆಯಲಿ. ದಿನಕ್ಕೆ ಒಂದೇ ಪುಟವಾದರೂ ಸರಿ, ತಾರೀಖು ಹಾಕಲು ಮಾತ್ರ ಮರೆಯಬೇಡಿ.